ಹೆಬ್ಬಾಗಿಲ ಕಣ್ಣೂ ನಡುಮನೆಯ ಕಿವಿಯೂ

ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳಲ್ಲಿ ಎದ್ದಿರುವ ಅನುಕೂಲಸ್ಥರ ಮನೆಗಳನ್ನು ಹೊಕ್ಕವರಿಗೆ ಎರಡು ಯಂತ್ರಗಳು ತಪ್ಪದೆ ಗೋಚರವಾಗುವುವು. ಹೆಬ್ಬಾಗಿಲ ಮೇಲೆಯೂ ಹಿತ್ತಿಲ ಗೋಡೆಯ ಮೂಲೆಯಲ್ಲಿಯೂ ಬಿಗಿದಿರುವ ಕಾವಲು ಕ್ಯಾಮೆರಾ ಒಂದು. ನಡುಮನೆಯ ಮೇಜಿನ ಮೇಲೆ ಕುಳಿತು, ಹೆಸರು ಹಿಡಿದು ಕರೆದರೆ ಓಗೊಡುವ ಅಲೆಕ್ಸಾ ಅಥವಾ ಗೂಗಲ್ ಯಂತ್ರ ಇನ್ನೊಂದು. ಮೊದಲನೆಯದು ಮನೆಯ ಕಣ್ಣು. ಎರಡನೆಯದು ಅದರ ಕಿವಿಯೂ ಬಾಯಿಯೂ ಆಗಿರುವುದು. ದೀಪ ಹಚ್ಚೆಂದರೆ ಹಚ್ಚುವ, ಹಾಡು ಹಾಕೆಂದರೆ ಹಾಕುವ ಈ ಯಂತ್ರಕ್ಕೆ ಗೇಟಿನ ಬಳಿ ಯಾರಿರುವರೋ ತೋರಿಸೆಂದರೆ ಮಾತ್ರ, ಅಂಥದೊಂದು ಕ್ಯಾಮೆರಾ ತನಗೆ ಗೊತ್ತೇ ಇಲ್ಲವೆಂದು ಉತ್ತರ ಬರುವುದು. ಎರಡಕ್ಕೂ ಸಾವಿರಾರು ರೂಪಾಯಿ ತೆತ್ತಿರುವ ಗೃಹಸ್ಥನು, ಒಂದೇ ಸೂರಿನ ಕೆಳಗಿರುವ ಕಣ್ಣಿಗೂ ಕಿವಿಗೂ ಪರಿಚಯವಿಲ್ಲವೇಕೆಂದು ಕೇಳುವುದು ಸಹಜವೇ. ಆ ಪರಿಚಯವನ್ನು ಮಾಡಿಸುವ ಬಗೆ ಹೇಗೆ, ಮಾಡಿಸಿದ ಮೇಲೆ ಮನೆಯ ಯಾವ ಯಾವ ಬಾಗಿಲುಗಳು ತೆರೆದುಕೊಳ್ಳುವುವು ಎಂಬ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ. ಮಾರುವವರು ಮೊದಲನೆಯದಕ್ಕೆ ಅರ್ಧ ಉತ್ತರವನ್ನು ಕೊಡುವರು. ಎರಡನೆಯದನ್ನು ಎತ್ತುವುದೇ ಇಲ್ಲ.

ಕಾವಲು ಕ್ಯಾಮೆರಾಗಳಲ್ಲಿ ಎರಡು ಜಾತಿಗಳುಂಟು. ಅಂಗಡಿಯಿಂದ ತಂದು ವೈಫೈಗೆ ಸೇರಿಸಿ ಫೋನಿನಲ್ಲಿ ನೋಡುವ ಅಗ್ಗದ ಜಾತಿಯೊಂದು. ಹುಟ್ಟಿದಂದಿನಿಂದ ತನ್ನ ತಯಾರಕನ ದೂರದ ಸರ್ವರಿಗೆ ಚಿತ್ರವನ್ನು ಕಳುಹಿಸುವ ಅಭ್ಯಾಸವುಳ್ಳದ್ದಾದುದರಿಂದ, ಮಾತಿನ ಯಂತ್ರದೊಡನೆ ಅದರ ನಂಟು ಸುಲಭವಾಗಿ ಕೂಡಿಬರುವುದು. ಬ್ಯಾಂಕು, ಕಾರ್ಖಾನೆ, ಆಸ್ಪತ್ರೆಗಳಲ್ಲಿ ಹಾಕಿಸುವ ಜಾತಿ ಬೇರೆ; ಈಗ ಅದು ಮನೆಗಳಿಗೂ ಬಂದಿರುವುದು. ನಾವು ಹೇಳಹೊರಟಿರುವುದು ಇದರ ವಿಚಾರವನ್ನು. ಸ್ವೀಡನ್ ದೇಶದ ಆಕ್ಸಿಸ್ ಸಂಸ್ಥೆಯು ೧೯೯೬ರಲ್ಲಿ ಕಂಪ್ಯೂಟರ್ ಜಾಲಕ್ಕೆ ನೇರವಾಗಿ ಸೇರುವ ಕ್ಯಾಮೆರಾವನ್ನು ಹೊರತಂದಂದಿನಿಂದ ಈ ವಂಶವು ಬೆಳೆದುಬಂದಿದೆ. ಇಲ್ಲಿ ಗಾಳಿಯ ಸಂಪರ್ಕದ ಮೇಲೆ ಭರವಸೆಯಿಟ್ಟುಕೊಳ್ಳುವುದಿಲ್ಲ. ಒಂದೇ ಕೇಬಲಿನಲ್ಲಿ ಚಿತ್ರವು ಬರುವುದೂ ವಿದ್ಯುತ್ತು ಹೋಗುವುದೂ ಏಕಕಾಲದಲ್ಲಿ ನಡೆಯುವುವು; ಇದಕ್ಕಾಗಿ ೨೦೦೩ರಲ್ಲಿ ಗೊತ್ತಾದ ಮೊದಲ ನಿಯಮದಂತೆ ಸ್ವಿಚ್ಚಿನ ಒಂದೊಂದು ಕಿಂಡಿಯಿಂದ ೧೫.೪ ವ್ಯಾಟ್‌ವರೆಗೆ ಕೊಡಬಹುದು, ಕೇಬಲು ೧೦೦ ಮೀಟರಿನವರೆಗೆ ಓಡಬಹುದು. ಚಿತ್ರಗಳೆಲ್ಲವೂ ಮನೆಯೊಳಗಣ ರೆಕಾರ್ಡರಿನ ಡಿಸ್ಕಿನಲ್ಲಿ ಶೇಖರವಾಗುವುವು. ಯು.ಪಿ.ಎಸ್. ಒಂದಿದ್ದರೆ ಕರೆಂಟು ಹೋದರೂ, ಅಂತರ್ಜಾಲ ಕಡಿದರೂ, ಕಾವಲು ನಿಲ್ಲದು.

ಈ ಶೇಖರಣೆಯ ಗಾತ್ರವನ್ನು ಕುರಿತು ಒಂದು ಲೆಕ್ಕ ಹಾಕಿದರೆ ಮುಂದಿನ ಮಾತು ತಿಳಿಯಾಗುವುದು. ಒಂದು ಕ್ಯಾಮೆರಾದ ಚಿತ್ರವು ಸೆಕೆಂಡಿಗೆ ೨ ಮೆಗಾಬಿಟ್‌ನಂತೆ ಎಡೆಬಿಡದೆ ಹರಿದರೆ ದಿನವೊಂದಕ್ಕೆ ೨೧.೬ ಗಿಗಾಬೈಟ್ ಆಗುವುದು. ನಾಲ್ಕು ಕ್ಯಾಮೆರಾಗಳಿಗೆ ೮೬.೪, ಮೂವತ್ತು ದಿನಗಳಿಗೆ ಸುಮಾರು ೨.೬ ಟೆರಾಬೈಟ್. ಇಷ್ಟನ್ನು ಮನೆಯ ಡಿಸ್ಕು ಸಲೀಸಾಗಿ ಹೊರುವುದು. ಇಷ್ಟನ್ನೂ ಹೊರದೇಶದ ಸರ್ವರಿಗೆ ಸಾಗಿಸಿ, ತಿಂಗಳು ತಿಂಗಳೂ ಬಾಡಿಗೆ ತೆತ್ತು, ಬೇಕಾದಾಗ ಕೇಳಿ ಪಡೆಯುವುದು ಎಂಥ ವ್ಯವಹಾರವೆಂಬುದನ್ನು ವಾಚಕರೇ ಯೋಚಿಸಬಹುದು. ವೃತ್ತಿಪರ ವ್ಯವಸ್ಥೆಯ ಸತ್ತ್ವವಿರುವುದೇ ಚಿತ್ರವು ಮನೆಯ ಹೊಸ್ತಿಲನ್ನು ದಾಟಬೇಕಾಗಿಲ್ಲವೆಂಬುದರಲ್ಲಿ.

ಮಾತಿನ ಯಂತ್ರದ ಪ್ರಕೃತಿಯಾದರೋ ಇದಕ್ಕೆ ತೀರ ವಿರುದ್ಧ. ಅಮೆಜಾನ್ ಸಂಸ್ಥೆಯು ೨೦೧೪ರಲ್ಲಿ ಅಮೆರಿಕದಲ್ಲಿಯೂ ೨೦೧೭ರಲ್ಲಿ ಭಾರತದಲ್ಲಿಯೂ ಮಾರಾಟಕ್ಕೆ ತಂದ ಎಕೋ ಯಂತ್ರವು ತನ್ನ ಹೆಸರನ್ನು ಮಾತ್ರ ತಾನೇ ಗುರುತಿಸುವುದು. ಅನಂತರದ ಮಾತನ್ನು ದೂರದ ಸರ್ವರಿಗೆ ಒಪ್ಪಿಸುವುದು. ಪರದೆಯುಳ್ಳ ಯಂತ್ರಕ್ಕೆ ಗೇಟನ್ನು ತೋರಿಸೆಂದು ಹೇಳಿದಾಗ ನಡೆಯುವ ಸಂಗತಿಯನ್ನು ಗಮನಿಸಿರಿ. ಧ್ವನಿಯು ಅಮೆಜಾನಿನ ಸರ್ವರಿಗೆ ಹೋಗಿ ಅಕ್ಷರವಾಗುವುದು. ಅಕ್ಷರದಿಂದ ಅಭಿಪ್ರಾಯವು ಹೊರಡುವುದು. ಆ ಅಭಿಪ್ರಾಯವು ಕ್ಯಾಮೆರಾ ತಯಾರಕನ ಅಥವಾ ಮಧ್ಯವರ್ತಿಯ ಸರ್ವರಿಗೆ ಹೋಗುವುದು. ಅಲ್ಲಿಂದ ಚಿತ್ರಪ್ರವಾಹದ ವಿಳಾಸವು ಹಿಂದಿರುಗಿ ನಡುಮನೆಯ ಪರದೆಗೆ ತಲಪುವುದು. ಪರದೆಯು ಆ ವಿಳಾಸವನ್ನು ಹಿಡಿದು ಚಿತ್ರವನ್ನು ತರಿಸಿಕೊಳ್ಳುವುದು. ಇಪ್ಪತ್ತು ಅಡಿ ದೂರದ ಗೇಟನ್ನು ನೋಡುವುದಕ್ಕೆ ಮಾತು ಎಲ್ಲೆಲ್ಲಿಗೋ ಹೋಗಿ ಬರಬೇಕಾಯಿತು. ಚಿತ್ರ ಮೂಡುವುದಕ್ಕೆ ಕೆಲವು ಸೆಕೆಂಡುಗಳು ಹಿಡಿಯುವುದರ ಒಂದು ಕಾರಣ ಇದೇ.

ಭಾಷಾಭೇದದ ತೊಡಕೂ ಉಂಟು. ವೃತ್ತಿಪರ ಕ್ಯಾಮೆರಾಗಳು ಚಿತ್ರವನ್ನು ಹೊರಕೊಡುವುದು ೧೯೯೮ರಲ್ಲಿ ಪ್ರಕಟವಾದ ಆರ್.ಟಿ.ಎಸ್.ಪಿ. ಎಂಬ ಪದ್ಧತಿಯಲ್ಲಿ, ಅದರ ರೂಢಿಯ ದ್ವಾರದ ಸಂಖ್ಯೆ ೫೫೪. ಬೇರೆ ಬೇರೆ ತಯಾರಕರ ಕ್ಯಾಮೆರಾ ರೆಕಾರ್ಡರುಗಳು ಪರಸ್ಪರ ಅರಿಯಲೆಂದು ಆಕ್ಸಿಸ್, ಬಾಷ್, ಸೋನಿ ಎಂಬ ಮೂರು ಸಂಸ್ಥೆಗಳು ೨೦೦೮ರಲ್ಲಿ ಆನ್‌ವಿಫ್ ಎಂಬ ಒಕ್ಕೂಟವನ್ನು ಸ್ಥಾಪಿಸಿದುವು. ಆದರೆ ಅಮೆಜಾನಿನ ನಿಬಂಧನೆಯಂತೆ ಈ ಪ್ರವಾಹವು ಗೂಢಲಿಪಿಯಲ್ಲಿ, ಮಾನ್ಯವಾದ ಪ್ರಮಾಣಪತ್ರದೊಡನೆ, ೪೪೩ನೆಯ ದ್ವಾರದಲ್ಲಿ ಬರಬೇಕು. ಇಲ್ಲವಾದರೆ ಬ್ರೌಸರುಗಳು ಬಳಸುವ ವೆಬ್‌ಆರ್‌ಟಿಸಿ ಎಂಬ ಪದ್ಧತಿಯನ್ನು ಅನುಸರಿಸಬೇಕು. ಕಟ್ಟಡದೊಳಗಿನ ಜಾಲಕ್ಕೆಂದು ಹುಟ್ಟಿದ ಕ್ಯಾಮೆರಾ ಸಾಮಾನ್ಯವಾಗಿ ಇವೆರಡನ್ನೂ ಅರಿಯದು. ಆದುದರಿಂದ ನಡುವೆ ಒಬ್ಬ ದುಭಾಷಿ ಬೇಕೇ ಬೇಕು.

ಈ ದುಭಾಷಿ ಇಬ್ಬರಲ್ಲೊಬ್ಬನಾಗಬಹುದು. ಕ್ಯಾಮೆರಾ ತಯಾರಕನೇ ಅಲೆಕ್ಸಾಕ್ಕೆಂದು ಸಿದ್ಧಪಡಿಸಿದ ಸ್ಕಿಲ್ ಇದ್ದರೆ ಅದನ್ನು ಸೇರಿಸಿಕೊಳ್ಳಬಹುದು; ಆಗ ಚಿತ್ರವು ತಯಾರಕನ ಸರ್ವರಿನ ಕೈಗೆ ಸಿಕ್ಕಿತೆಂದು ತಿಳಿಯತಕ್ಕದ್ದು. ಇಲ್ಲವೇ ಮನೆಯಲ್ಲಿಯೇ ಒಂದು ಸಣ್ಣ ಕಂಪ್ಯೂಟರನ್ನಿಟ್ಟು, ಅದರಲ್ಲಿ ಹೋಮ್ ಅಸಿಸ್ಟೆಂಟ್ ಅಥವಾ ಸ್ಕ್ರಿಪ್ಟೆಡ್‌ನಂಥ ತಂತ್ರಾಂಶವನ್ನು ನಡೆಸಬಹುದು. ಹೋಮ್ ಅಸಿಸ್ಟೆಂಟ್ ೨೦೧೩ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬಾತನಿಂದ ಆರಂಭವಾದುದು. ಅದರ ಒಡಲು ಎಲ್ಲರಿಗೂ ಬಿಚ್ಚಿಟ್ಟದ್ದು, ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಈ ಎರಡನೆಯ ದಾರಿಯಲ್ಲಿ ಶ್ರಮ ಹೆಚ್ಚು. ಒಂದು ಭಾನುವಾರವೇನು, ಎರಡು ಮೂರು ಭಾನುವಾರಗಳೇ ಹೋದಾವು. ಆದರೆ ಕೀಲಿಕೈ ಮನೆಯವರಲ್ಲಿಯೇ ಉಳಿಯುವುದು. ನಾವು ಇದನ್ನೇ ಸಲಹೆ ಮಾಡುವೆವು.

ಕೈಹಾಕುವವರು ಮೊದಲು ಸರಿಪಡಿಸಬೇಕಾದುದು ಚಿತ್ರದ ಎನ್ಕೋಡಿಂಗನ್ನು. ವೃತ್ತಿಪರ ಕ್ಯಾಮೆರಾ ಎರಡು ಪ್ರವಾಹಗಳನ್ನು ಕೊಡುವುದು. ದೊಡ್ಡದು ರೆಕಾರ್ಡರಿಗೆ, ಸಣ್ಣದು ಫೋನು ಮುಂತಾದ ಕಿರುಪರದೆಗಳಿಗೆ. ಈಚಿನ ಕ್ಯಾಮೆರಾಗಳಲ್ಲಿ ಸ್ಥಳ ಉಳಿಸುವ ಸಲುವಾಗಿ ೨೦೧೩ರ ಎಚ್.೨೬೫ ಪದ್ಧತಿಯನ್ನು ಇಟ್ಟಿರುವರು. ಮಾತಿನ ಯಂತ್ರದ ಪರದೆಗಳು ನೆಚ್ಚಿರುವುದು ೨೦೦೩ರ ಎಚ್.೨೬೪ನ್ನು. ದೊಡ್ಡ ಪ್ರವಾಹವನ್ನು ಮುಟ್ಟದೆ ಸಣ್ಣ ಪ್ರವಾಹವನ್ನು ಮಾತ್ರ ಎಚ್.೨೬೪ಕ್ಕೆ ಬದಲಾಯಿಸಿ ಅದನ್ನೇ ಅಲೆಕ್ಸಾಕ್ಕೆ ಕೊಡಬೇಕು. ಪೂರ್ಣ ಚಿತ್ರವೊಂದು ಎಷ್ಟು ಹೊತ್ತಿಗೊಮ್ಮೆ ಬರಬೇಕೆಂಬ ಅಳತೆಯೂ ಅಲ್ಲಿಯೇ ಇರುವುದು. ಎರಡು ಪೂರ್ಣ ಚಿತ್ರಗಳ ನಡುವೆ ಬರುವುದೆಲ್ಲವೂ ಬದಲಾವಣೆಯ ಟಿಪ್ಪಣಿ ಮಾತ್ರ. ಹತ್ತು ಸೆಕೆಂಡಿಗೊಮ್ಮೆ ಪೂರ್ಣ ಚಿತ್ರ ಬರುವಂತಿದ್ದರೆ ನಡುವೆ ಸೇರಿಕೊಂಡ ಪರದೆಯು ಅಷ್ಟು ಹೊತ್ತೂ ಕಪ್ಪಾಗಿಯೇ ಇದ್ದೀತು. ಅದನ್ನು ಒಂದೆರಡು ಸೆಕೆಂಡಿಗೆ ಇಳಿಸಿದರೆ ಸರಿಹೋಗುವುದು. ಯಂತ್ರ ಕೆಟ್ಟಿತೆಂದು ಹಿಂದಕ್ಕೆ ಕಳುಹಿಸುವ ಮೊದಲು ಇವೆರಡನ್ನು ನೋಡಿದರೆ ಅನೇಕರ ಹಣ ಉಳಿದೀತು.

ಇಷ್ಟು ಮಾಡಿ ಚಿತ್ರ ಬರಲಿಲ್ಲವೆಂದಾಗ ಬೇಸತ್ತವರು ಮಾಡುವ ಕೆಲಸವೊಂದುಂಟು. ರೂಟರಿನಲ್ಲಿ ಕ್ಯಾಮೆರಾದ ದ್ವಾರವನ್ನು ಹೊರಜಗತ್ತಿಗೆ ನೇರವಾಗಿ ತೆರೆದುಬಿಡುವರು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಹೀಗೆ ತೆರೆದ ಬಾಗಿಲುಗಳಿಂದ ಏನಾಯಿತೆಂಬುದಕ್ಕೆ ೨೦೧೬ನೆಯ ಇಸವಿಯೇ ಸಾಕ್ಷಿ. ಮಿರಾಯ್ ಎಂಬ ಕೇಡಿನ ತಂತ್ರಾಂಶವು ಅಂತರ್ಜಾಲದಲ್ಲಿ ಬೀದಿ ಬೀದಿ ಅಲೆಯುತ್ತ, ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರು, ರೂಟರುಗಳ ಕದ ತಟ್ಟಿತು. ಅದರ ಜೋಳಿಗೆಯಲ್ಲಿದ್ದುದು ಅರವತ್ತಕ್ಕೆ ಮಿಕ್ಕ ಹೆಸರು ಪಾಸ್‌ವರ್ಡುಗಳ ಪಟ್ಟಿ, ಅಷ್ಟೇ. ಅಷ್ಟರಿಂದಲೇ ಲಕ್ಷಾಂತರ ಯಂತ್ರಗಳನ್ನು ವಶಪಡಿಸಿಕೊಂಡು, ಆ ವರ್ಷದ ಅಕ್ಟೋಬರ್ ೨೧ರಂದು ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಏಕಕಾಲದಲ್ಲಿ ಹರಿಯಬಿಟ್ಟುದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ದೊಡ್ಡ ತಾಣಗಳೇ ಅನೇಕರಿಗೆ ಎಟುಕದೆ ಹೋದುವು. ಕಳ್ಳನನ್ನು ಹಿಡಿಯಲೆಂದು ನಿಲ್ಲಿಸಿದ ಕಾವಲುಗಾರನೇ ಕಳ್ಳರ ಪಡೆಗೆ ಸೇರಿದಂತಾಯಿತು. ಒಡೆಯನಿಗೆ ಅದರ ಸುಳಿವೂ ಹತ್ತಲಿಲ್ಲ.

ದೊಡ್ಡವರ ಕೈಯಲ್ಲಿ ಚಿತ್ರವನ್ನು ಕೊಟ್ಟರೆ ಭಯವಿಲ್ಲವೆನ್ನುವಂತೆಯೂ ಇಲ್ಲ. ೨೦೨೧ರ ಮಾರ್ಚಿಯಲ್ಲಿ ವರ್ಕಾಡಾ ಎಂಬ ಅಮೆರಿಕದ ಸಂಸ್ಥೆಯ ಮೇಲಧಿಕಾರದ ಪಾಸ್‌ವರ್ಡೊಂದು ಅನ್ಯರಿಗೆ ದೊರೆತು, ಆಸ್ಪತ್ರೆ, ಶಾಲೆ, ಕಾರ್ಖಾನೆ, ಸೆರೆಮನೆಗಳಲ್ಲಿದ್ದ ಸುಮಾರು ೧,೫೦,೦೦೦ ಕ್ಯಾಮೆರಾಗಳು ಅವರ ಕಣ್ಣಿಗೆ ತೆರೆದುಕೊಂಡುವು. ಅಮೆಜಾನಿನ ಅಂಗವಾದ ರಿಂಗ್ ಸಂಸ್ಥೆಯಲ್ಲಿ ನೌಕರರೇ ಗಿರಾಕಿಗಳ ಮನೆಯೊಳಗಿನ ಚಿತ್ರಗಳನ್ನು ನೋಡಲು ಅವಕಾಶವಾಗಿತ್ತೆಂಬ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗವು ನಡೆಸಿದ ಮೊಕದ್ದಮೆಯು ೨೦೨೩ರ ಮೇ ತಿಂಗಳಲ್ಲಿ ೫೮ ಲಕ್ಷ ಡಾಲರುಗಳಿಗೆ ಇತ್ಯರ್ಥವಾಯಿತು. ಅದೇ ದಿನಗಳಲ್ಲಿ, ಮಕ್ಕಳ ಧ್ವನಿಯನ್ನು ಅಲೆಕ್ಸಾ ಉಳಿಸಿಕೊಂಡ ಬಗೆಗೆ ಅಮೆಜಾನ್ ಎರಡೂವರೆ ಕೋಟಿ ಡಾಲರು ತೆರಲು ಒಪ್ಪಿತು. ಅಮೆರಿಕದಲ್ಲಿ ಕೆಲವು ಎಕೋ ಯಂತ್ರಗಳಿಗೆ, ಮಾತಿನ ಧ್ವನಿಮುದ್ರಣವನ್ನು ಹೊರಗೆ ಕಳುಹಿಸಬಾರದೆಂದು ಗೊತ್ತುಪಡಿಸುವ ಸೌಲಭ್ಯವಿತ್ತು. ೨೦೨೫ರ ಮಾರ್ಚಿ ೨೮ರಿಂದ ಅದನ್ನೂ ತೆಗೆದುಹಾಕಿದರು.

ಭಾರತ ಸರ್ಕಾರವು ಈ ವಿಷಯದಲ್ಲಿ ಕಣ್ಮುಚ್ಚಿ ಕುಳಿತಿಲ್ಲವೆಂಬುದನ್ನು ಹೇಳಬೇಕು. ಕಾವಲು ಕ್ಯಾಮೆರಾಗಳ ಭದ್ರತೆಯನ್ನು ಸರ್ಕಾರ ಮನ್ನಿಸಿದ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ ಹೊರತು ಮಾರತಕ್ಕದ್ದಲ್ಲವೆಂಬ ನಿಯಮವು ೨೦೨೪ರ ಏಪ್ರಿಲಿನಲ್ಲಿ ಹೊರಟು ೨೦೨೫ರ ಏಪ್ರಿಲಿನಿಂದ ಜಾರಿಗೆ ಬಂದಿತು. ಹೊಸದಾಗಿ ಕೊಳ್ಳುವವರಿಗೆ ಇದು ಒಳ್ಳೆಯದಾಯಿತು. ಆದರೆ ಅದಕ್ಕೂ ಮುಂಚೆ ಗೋಡೆಗೆ ಬಿಗಿದ ಕ್ಯಾಮೆರಾಗಳು ಈ ನಿಯಮಕ್ಕೆ ಸಿಕ್ಕುವುದಿಲ್ಲ. ಅವುಗಳ ರಕ್ಷಣೆ ಮನೆಯವರದೇ. ಕ್ಯಾಮೆರಾಗಳಿಗೆ ಮನೆಯ ಜಾಲದಲ್ಲಿ ಪ್ರತ್ಯೇಕ ವಿಭಾಗವನ್ನು ಮಾಡಿ, ಅವು ತಾವಾಗಿ ಅಂತರ್ಜಾಲಕ್ಕೆ ಹೋಗದಂತೆ ರೂಟರಿನಲ್ಲಿ ತಡೆಯಬೇಕು. ದುಭಾಷಿ ಕಂಪ್ಯೂಟರೊಂದಕ್ಕೆ ಮಾತ್ರ ಅವುಗಳೊಡನೆ ಮಾತಿಗೆ ಅನುಮತಿಯಿರಲಿ. ಆ ಕಂಪ್ಯೂಟರಿಗೂ ಯಜಮಾನನ ಪಾಸ್‌ವರ್ಡನ್ನು ಕೊಡದೆ, ನೋಡುವುದಕ್ಕಷ್ಟೇ ಹಕ್ಕುಳ್ಳ ಬೇರೊಂದು ಹೆಸರನ್ನು ತೆರೆದು ಕೊಡಬೇಕು. ಇನ್ನು, ಕ್ಯಾಮೆರಾ ಅಳವಡಿಸಿದವನು ತನ್ನದೇ ಈಮೇಲಿನಲ್ಲಿ ಖಾತೆ ತೆರೆದು, ತನ್ನ ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡನ್ನಿಟ್ಟು ಹೋಗುವ ಪದ್ಧತಿ ನಮ್ಮ ಊರುಗಳಲ್ಲಿ ಅಪರೂಪವಲ್ಲ. ರಿಪೇರಿಗೆ ಅನುಕೂಲವೆಂದು ಅವರು ಹೇಳುವರು. ಮನೆ ಕಟ್ಟಿದ ಮೇಸ್ತ್ರಿಯು ಬೀಗದ ಕೈಯೊಂದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೆ ಯಾರಾದರೂ ಒಪ್ಪುವರೇ? ಹಣದ ಕೊನೆಯ ಕಂತನ್ನು ಕೊಡುವ ದಿನ ಖಾತೆಯನ್ನೂ ಪಾಸ್‌ವರ್ಡನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳತಕ್ಕದ್ದು.

ಮಾತಿನ ಯಂತ್ರಕ್ಕೆ ಇನ್ನೊಂದು ಕೊರತೆಯುಂಟು. ಅದು ಕೇಳುವುದು ಮಾತನ್ನು. ಮಾತಾಡಿದವರು ಯಾರೆಂಬುದನ್ನು ಅಷ್ಟಾಗಿ ವಿಚಾರಿಸದು. ೨೦೧೭ರ ಏಪ್ರಿಲಿನಲ್ಲಿ ಅಮೆರಿಕದ ಬರ್ಗರ್ ಕಿಂಗ್ ಎಂಬ ಫಲಾಹಾರ ಮಂದಿರದ ಸಂಸ್ಥೆಯು ಟೆಲಿವಿಷನ್ ಜಾಹೀರಾತಿನಲ್ಲಿ ಗೂಗಲ್ ಯಂತ್ರವನ್ನು ಹೆಸರು ಹಿಡಿದು ಕರೆದು ತನ್ನ ತಿನಿಸಿನ ವಿಷಯವನ್ನು ಕೇಳಿತು; ಜಾಹೀರಾತು ಬಂದ ಮನೆಗಳಲ್ಲಿ ಯಂತ್ರಗಳು ತಮ್ಮಷ್ಟಕ್ಕೆ ತಾವೇ ಎದ್ದು ಆ ತಿನಿಸಿನ ವರ್ಣನೆಯನ್ನು ಓದತೊಡಗಿದುವು. ೨೦೧೯ರಲ್ಲಿ ಮಿಷಿಗನ್ ಹಾಗೂ ಟೋಕಿಯೋ ನಗರದ ವಿಶ್ವವಿದ್ಯಾಲಯಗಳ ಸಂಶೋಧಕರು, ಮಾತೇ ಆಡದೆ, ಲೇಸರ್ ಬೆಳಕನ್ನು ಕಿಟಕಿಯ ಗಾಜಿನ ಮೂಲಕ ಯಂತ್ರದ ಮೈಕಿನ ಮೇಲೆ ಬಿಟ್ಟು ಆಜ್ಞೆಗಳನ್ನು ನಡೆಸಿ ತೋರಿಸಿದರು. ಈ ಕಾರಣದಿಂದ, ಗೇಟನ್ನು ತೋರಿಸುವ ಅಧಿಕಾರವನ್ನು ಮಾತಿಗೆ ಕೊಡಬಹುದು. ರೆಕಾರ್ಡಿಂಗನ್ನು ನಿಲ್ಲಿಸುವ, ಎಚ್ಚರಿಕೆಯ ಗಂಟೆಯನ್ನು ಆರಿಸುವ, ಬೀಗ ತೆಗೆಯುವ ಅಧಿಕಾರವನ್ನು ಕೊಡಲಾಗದು. ಹೊರಗಣ ಕ್ಯಾಮೆರಾಗಳನ್ನು ಮಾತ್ರ ಅದಕ್ಕೆ ಪರಿಚಯಿಸಿದರೆ ಸಾಕು. ಬಂದ ನೆಂಟರ ಮಗು ಕುತೂಹಲದಿಂದ ಮನೆಯೊಳಗಿನ ಕ್ಯಾಮೆರಾಗಳ ಹೆಸರನ್ನು ಒಂದೊಂದಾಗಿ ಕೂಗುತ್ತ ಕುಳಿತರೆ ಎಂಥ ಪೇಚಿನ ಪ್ರಸಂಗವಾದೀತು!

ಒಳಗಣ ಕ್ಯಾಮೆರಾದ ಮಾತು ಬಂದುದರಿಂದ ಇನ್ನೂ ಗಂಭೀರವಾದ ವಿಚಾರವನ್ನು ಹೇಳಲೇಬೇಕಾಗಿದೆ. ನಮ್ಮ ಕನ್ನಡದ ಮಕ್ಕಳು ಕ್ಯಾಲಿಫೋರ್ನಿಯದಲ್ಲಿಯೋ ನ್ಯೂಜೆರ್ಸಿಯಲ್ಲಿಯೋ ಉದ್ಯೋಗದಲ್ಲಿರುವರು. ಮುದಿ ತಂದೆತಾಯಿಗಳು ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಇಬ್ಬರೇ ಇರುವರು. ಮಗನು ರಜಕ್ಕೆ ಬಂದಾಗ ಕಾಳಜಿಯಿಂದಲೇ ಈ ಕಣ್ಣು ಕಿವಿಗಳನ್ನು ಮನೆಗೆ ಹಾಕಿಸಿ ಹೋಗುವನು. ಮಂಡಿನೋವಿನ ತಾಯಿಗೆ ಗೇಟಿನವರೆಗೆ ನಡೆಯದೆ ಬಂದವರಾರೆಂದು ನೋಡುವ ಅನುಕೂಲವು ಸಣ್ಣದಲ್ಲ. ಆದರೆ ಅದೇ ಬುದ್ಧಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪಡಸಾಲೆಗೂ ಅಡಿಗೆಮನೆಗೂ ಕ್ಯಾಮೆರಾ ಬಿಗಿದಾಗ, ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬುದು ತಲೆಕೆಳಗಾಗುವುದು. ತಂದೆ ಮಾತ್ರೆ ತೆಗೆದುಕೊಳ್ಳಲಿಲ್ಲ, ತಾಯಿ ಮೂರು ದಿನದಿಂದ ಹೊರಗೆ ಹೊರಟಿಲ್ಲ, ಅಡಿಗೆಯಾಕೆ ಅರ್ಧ ಗಂಟೆ ತಡವಾಗಿ ಬಂದಳು ಎಂಬ ವರ್ತಮಾನಗಳು ಸಮುದ್ರದಾಚೆಯಿಂದ ಫೋನಿನಲ್ಲಿ ಹಿಂದಿರುಗಿ ಬರುವುವು. ತಮ್ಮ ಮನೆಯಲ್ಲಿಯೇ ಹಿರಿಯರು ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿಕೊಂಡು ಓಡಾಡುವಂತಾದರೆ ಅದು ಕಾವಲಲ್ಲ, ಕಣ್ಗಾವಲು. ಹಿರಿಯರ ಮುಂದೆಯೇ ಕುಳಿತು, ಯಾವ ಕ್ಯಾಮೆರಾ ಎಲ್ಲಿರಬೇಕು, ಯಾರು ನೋಡಬಹುದು ಎಂಬುದನ್ನು ಅವರಿಂದಲೇ ಕೇಳಿ ಗೊತ್ತುಪಡಿಸತಕ್ಕದ್ದು. ಅಡಿಗೆಯಾಕೆಗೂ ಕ್ಯಾಮೆರಾ ಇರುವುದನ್ನು ತಿಳಿಸದೆ ಇಡತಕ್ಕದ್ದಲ್ಲ.

ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ತೀರ್ಮಾನಿಸಿದ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದನ್ನು ಕನ್ನಡಿಗರು ನೆನೆಯಬೇಕು. ಆ ತೀರ್ಪಿನ ಫಲವು ಮನೆಯ ಒಳಗಣ ಗೋಡೆಯವರೆಗೂ ಬಂದಿದೆ. ಅವಿಭಕ್ತ ಮನೆಯೊಂದರ ವಾಸದ ಭಾಗದಲ್ಲಿ ಸಹವಾಸಿಯ ಒಪ್ಪಿಗೆಯಿಲ್ಲದೆ ಕ್ಯಾಮೆರಾ ನಡೆಸುವುದು ಆತನ ಖಾಸಗಿತನಕ್ಕೆ ಭಂಗವೆಂದು ಕಲ್ಕತ್ತೆಯ ಹೈಕೋರ್ಟು ೨೦೨೫ರಲ್ಲಿ ಹೇಳಿತು. ಅದರ ಮೇಲಣ ಅಪೀಲನ್ನು ಸುಪ್ರೀಂ ಕೋರ್ಟು ಅದೇ ವರ್ಷ ತಳ್ಳಿಹಾಕಿತು. ೨೦೨೩ರ ದತ್ತಾಂಶ ಸಂರಕ್ಷಣಾ ಶಾಸನವು ವ್ಯಕ್ತಿಯ ಸ್ವಂತ ಹಾಗೂ ಗೃಹೋಪಯೋಗದ ವ್ಯವಹಾರವನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿರುವುದನ್ನು ನೋಡಿ, ಮನೆಯಲ್ಲಿ ಏನು ಮಾಡಿದರೂ ನಡೆಯುವುದೆಂದು ತಿಳಿಯುವವರು ಈ ತೀರ್ಪನ್ನು ಮರೆಯಬಾರದು. ನೆರೆಮನೆಯ ಕಿಟಕಿಯ ಕಡೆಗೆ ತಿರುಗಿಸಿದ ಕ್ಯಾಮೆರಾವನ್ನಂತೂ ಇಂದೇ ತಿರುಗಿಸುವುದು ಲೇಸು. ಚಿತ್ರದ ಬೇಡದ ಭಾಗವನ್ನು ಕಪ್ಪು ಮಾಡುವ ಅನುಕೂಲವು ವೃತ್ತಿಪರ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುವುದು, ಬಳಸುವವರು ಕಡಮೆ.

ಕಡೆಯದಾಗಿ ಭಾಷೆಯ ಮಾತು. ಗೇಟಿನ ಚಿತ್ರವನ್ನು ಕೇಳಬೇಕಾದ ಆ ಮಂಡಿನೋವಿನ ತಾಯಿ ಯಾವ ಭಾಷೆಯಲ್ಲಿ ಕೇಳಬೇಕು? ಅಲೆಕ್ಸಾ ಭಾರತಕ್ಕೆ ಬಂದುದು ಇಂಗ್ಲಿಷಿನೊಡನೆ. ೨೦೧೯ರಲ್ಲಿ ಹಿಂದಿಯನ್ನು ಕಲಿಯಿತು. ಗೂಗಲ್ ತನ್ನ ಫೋನಿನ ಸಹಾಯಕನಿಗೆ ೨೦೧೯ರ ಹೊತ್ತಿಗೆ ಕನ್ನಡವನ್ನು ಕಲಿಸಿತಾದರೂ, ಅಲೆಕ್ಸಾದ ಯಂತ್ರಕ್ಕೆ ಆ ಭಾಗ್ಯ ಬರಲಿಲ್ಲ. ಕ್ಯಾಮೆರಾಕ್ಕೆ ಹಿತ್ತಿಲು ಎಂದು ಹೆಸರಿಟ್ಟರೆ ಇಂಗ್ಲಿಷಿನ ಕಿವಿ ಅದನ್ನು ಏನೋ ಒಂದಾಗಿ ಕೇಳಿಸಿಕೊಳ್ಳುವುದು. ಗೇಟ್, ಗ್ಯಾರೇಜ್ ಎಂಬಂಥ ಹೆಸರುಗಳಿಗೇ ಒಗ್ಗಿಕೊಳ್ಳಬೇಕಾಗಿದೆ. ತನ್ನ ಹಿತ್ತಿಲನ್ನು ತನ್ನ ಮಾತಿನಲ್ಲಿ ಕರೆಯಲಾಗದ ಈ ಸ್ಥಿತಿಗೆ ಪರಿಹಾರವಿಲ್ಲದೆ ಇಲ್ಲ. ಹೋಮ್ ಅಸಿಸ್ಟೆಂಟಿನವರು ೨೦೨೩ನೆಯ ಇಸವಿಯನ್ನು ಮಾತಿನ ವರ್ಷವೆಂದು ಸಾರಿ, ಧ್ವನಿಯನ್ನು ಹೊರಗೆ ಕಳುಹಿಸದೆ ಮನೆಯ ಕಂಪ್ಯೂಟರಿನಲ್ಲಿಯೇ ಅರಿಯುವ ಏರ್ಪಾಡನ್ನು ಬೆಳೆಸಿದರು. ೨೦೨೪ರ ಡಿಸೆಂಬರಿನಲ್ಲಿ ಅದಕ್ಕೆಂದೇ ಒಂದು ಸಣ್ಣ ಯಂತ್ರವನ್ನೂ ಹೊರತಂದರು. ಧ್ವನಿಯನ್ನು ಅಕ್ಷರಕ್ಕಿಳಿಸಲು ೨೦೨೨ರಲ್ಲಿ ಬಂದ ವಿಸ್ಪರ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡವು ಅಷ್ಟಿಷ್ಟು ಬರುವುದು, ಮದರಾಸಿನ ಐ.ಐ.ಟಿ.ಯಲ್ಲಿರುವ ಎ.ಐ.೪ಭಾರತ್ ತಂಡವು ನಮ್ಮ ದೇಶಭಾಷೆಗಳಿಗೆಂದೇ ಸಿದ್ಧಪಡಿಸಿದ ಮಾದರಿಗಳೂ ಉಂಟು.

ಇವುಗಳ ಮೇಲೆ ಕೂಡಬೇಕಾದುದು ವಾಕ್ಯಗಳ ಸಂಗ್ರಹ. ಹೋಮ್ ಅಸಿಸ್ಟೆಂಟಿಗೆ ಯಾವ ಆಜ್ಞೆಯನ್ನು ಜನರು ಯಾವ ಯಾವ ಬಗೆಯಲ್ಲಿ ಹೇಳುವರೆಂಬುದನ್ನು ಆಯಾ ಭಾಷೆಯ ಸ್ವಯಂಸೇವಕರೇ ಬರೆದು ಸೇರಿಸುತ್ತಿರುವರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕನ್ನಡ ಸಂಘಗಳು ರಾಜ್ಯೋತ್ಸವದ ಮೆರವಣಿಗೆಯ ಜೊತೆಗೆ ಈ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದು. ಮೈಸೂರಿನವರು "ಗೇಟ್ ಹತ್ರ ಯಾರಿದಾರೆ ತೋರ್ಸು" ಎನ್ನುವರು. ಧಾರವಾಡದವರು "ಗೇಟಿನ್ಯಾಗ ಯಾರದಾರ ತೋರಸು" ಎನ್ನುವರು. ಎರಡನ್ನೂ, ಕರಾವಳಿಯವರ ಮಾತನ್ನೂ, ಬೀದರಿನವರ ಮಾತನ್ನೂ ಬರೆದು ಕೊಡಬೇಕಾಗಿರುವುದು.